ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದ್ದರೆ ಚೆಕ್ ಡಿಸ್ಕ್ ಓಡಿಸಬೇಡಿ, ಮೊದಲು ಕಾಪಿ ಮಾಡಿಕೊಳ್ಳಿ

ನಿಮ್ಮ ಹತ್ತಿರ ಹತ್ತು ವರ್ಷ ದಾಟಿದ ಕಂಪ್ಯೂಟರ್ ಇದೆಯಾ? ಬೇರೆಲ್ಲೂ ಕಾಪಿ ಇಲ್ಲದ ಫೋಟೋ, ರೆಕಾರ್ಡಿಂಗ್ ಅದರಲ್ಲಿ ಇವೆಯಾ? ಹಾಗಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಒಂಬತ್ತು ವರ್ಷದ ಫೋಟೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಒಂದೇ ರಾತ್ರಿಯಲ್ಲಿ ಕಳೆದುಕೊಂಡೆ. ವೈರಸ್ ಬಂದು ಹೋಗಿದ್ದಲ್ಲ, ಯಾರೂ ಕದ್ದಿದ್ದೂ ಅಲ್ಲ. ಡ್ರೈವಿನ ತಪ್ಪು ಹುಡುಕಿ ತಿದ್ದಲು ವಿಂಡೋಸ್‌ನಲ್ಲೇ ಇರುವ ಚೆಕ್ ಡಿಸ್ಕ್‌ನ, ಸರಿಮಾಡೋಣ ಅಂತ ನಾನೇ ಒತ್ತಿದ ಒಂದು ಬಟನ್‌ನಿಂದ ಹೋಯಿತು.

ಶುರುವಾಗಿದ್ದು ಗಡಿಯಾರದಿಂದ. ವಿಂಡೋಸ್ 7 ಇದ್ದ ಡೆಸ್ಕ್‌ಟಾಪ್ ಅದು. 500 ಜಿಬಿಯ ಒಂದೇ ಹಾರ್ಡ್ ಡಿಸ್ಕ್, ಅದರಲ್ಲೇ ಸಿ ಮತ್ತು ಡಿ ಅಂತ ಎರಡು ಭಾಗ. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗಿದರೆ ಬೆಳಿಗ್ಗೆ ಟೈಮ್ ಹಿಂದೆ ಬಿದ್ದಿರುತ್ತಿತ್ತು. ಸ್ವಿಚ್ ಆರಿಸದೆ ಬಿಟ್ಟ ದಿನ ಸರಿಯಾಗೇ ಇರುತ್ತಿತ್ತು. ಇದೊಂದೇ ಸುಳಿವು ಸಾಕಾಗಿತ್ತು. ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗೆ ಕೂತಿರುವ 3 ವೋಲ್ಟಿನ ಸಿಆರ್2032 ಸೆಲ್ ಮುಗಿದಿತ್ತು, ಅಷ್ಟೇ. ಕರೆಂಟ್ ಇರುವಾಗ ಗಡಿಯಾರ ಪವರ್ ಸಪ್ಲೈಯಿಂದ ನಡೆಯುತ್ತದೆ, ಇಲ್ಲದಾಗ ಆ ಸೆಲ್‌ನಿಂದ. ನನಗೆ ಇದು ಆಗ ಗೊತ್ತಿರಲಿಲ್ಲ. ದಿನಾ ಟೈಮ್ ಸರಿ ಮಾಡಿಕೊಂಡು ಕೆಲಸ ಮುಂದುವರಿಸಿದೆ.

ಒಂದು ದಿನ ತಾರೀಕು ವರ್ಷಗಟ್ಟಲೆ ಹಿಂದೆ ಹೋಯಿತು. ಬ್ರೌಸರ್ ತೆರೆದರೆ ಯಾವ ತಾಣಕ್ಕೆ ಹೋದರೂ ಸಂಪರ್ಕ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ. ತಾಣಗಳ ಭದ್ರತಾ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಕು ಅದರಾಚೆ ಹೋದರೆ ಬ್ರೌಸರ್ ಒಪ್ಪುವುದಿಲ್ಲ. ನಾನು ತಾರೀಕಿನ ಕಡೆ ನೋಡಲೇ ಇಲ್ಲ. ವೈರಸ್ ಅಂತ ಹೆದರಿ, ಕಂಪ್ಯೂಟರ್‌ನ ಎಲ್ಲಾ ತೊಂದರೆ ತಾನೇ ಹುಡುಕಿ ಸರಿ ಮಾಡುತ್ತೇನೆ ಅನ್ನುವ ಒಂದು ಉಚಿತ ಪ್ರೋಗ್ರಾಮ್ ಇಳಿಸಿಕೊಂಡೆ. ಅದು ನೂರಾರು ದೋಷ ತೋರಿಸಿತು. ನೆಟ್‌ವರ್ಕ್ ಕಾರ್ಡ್‌ಗೆ ಬೇರೆ ಯಾವುದೋ ಡ್ರೈವರ್ (ಆ ಭಾಗವನ್ನು ನಡೆಸುವ ಪ್ರೋಗ್ರಾಮ್) ಹಾಕಿ ಇಂಟರ್ನೆಟ್ ಪೂರ್ತಿ ನಿಲ್ಲಿಸಿತು. ಬ್ರೌಸರ್‌ಗೆ ಎರಡು ಟೂಲ್‌ಬಾರ್ ಸೇರಿಸಿತು. ದಯವಿಟ್ಟು ಇಂಥದ್ದನ್ನು ಹಾಕಿಕೊಳ್ಳಬೇಡಿ. ಡ್ರೈವರ್ ಬೇಕಾದರೆ ಮದರ್‌ಬೋರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಿಸಿದವರ ತಾಣದಿಂದ, ಮಾಡೆಲ್ ನಂಬರ್ ನೋಡಿಯೇ ತೆಗೆದುಕೊಳ್ಳಿ.

ಸ್ವಲ್ಪ ದಿನದಲ್ಲಿ ಸೆಲ್ ಪೂರ್ತಿ ಸತ್ತಿತು. ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಸಿಮಾಸ್ ಚೆಕ್‌ಸಮ್ ಎರರ್ ಅಂತ ಒಂದು ಸಾಲು, ಕೆಳಗೆ ಎಫ್1 ಒತ್ತಿ ಅಂತ ಇನ್ನೊಂದು ಸಾಲು. ಓದದೆ ಎಫ್1 ಒತ್ತಿದೆ. ವಿಂಡೋಸ್ ಲೋಗೋ ಬಂದು, ತಕ್ಷಣ ನೀಲಿ ಪರದೆ, ಮತ್ತೆ ರೀಸ್ಟಾರ್ಟ್. ಕೋಡ್‌ನ ಕೊನೆಯಲ್ಲಿ 7ಬಿ ಅಂತಿತ್ತು. ಬೂಟ್ ಆಗಬೇಕಾದ ಡಿಸ್ಕ್ ವಿಂಡೋಸ್‌ಗೆ ಸಿಗುತ್ತಿಲ್ಲ ಅಂತ ಅದರ ಅರ್ಥ. ಸೆಲ್ ಸತ್ತಾಗ, ವಿಂಡೋಸ್‌ಗಿಂತ ಮೊದಲು ಓಡುವ ಬಯೋಸ್‌ನ ಸೆಟ್ಟಿಂಗ್ ಎಲ್ಲಾ ಕಾರ್ಖಾನೆಯಿಂದ ಬಂದಾಗಿನಂತಾಗಿ, ಡಿಸ್ಕ್ ಜೊತೆ ಮಾತಾಡುವ ರೀತಿ ಹೇಳುವ ಸಾಟಾ ಮೋಡ್ ಎಎಚ್‌ಸಿಐಯಿಂದ ಐಡಿಇಗೆ ಬಂದಿತ್ತು. ಬಯೋಸ್‌ಗೆ ಹೋಗಿ ಅದನ್ನು ವಾಪಸ್ ಬದಲಾಯಿಸಿದರೆ ಮುಗಿಯುತ್ತಿತ್ತು. ನಾನು ಮಾಡಿದ್ದೇನು? ಸ್ಟಾರ್ಟಪ್ ರಿಪೇರಿಯನ್ನು ನಾಲ್ಕು ಸಲ ಓಡಿಸಿದೆ. ವಿಂಡೋಸ್ ಹೊಸದಾಗಿ ಹಾಕಲು ಡಿವಿಡಿಯನ್ನೂ ಹೊರಗೆ ತೆಗೆದಿಟ್ಟೆ. ಅಷ್ಟರಲ್ಲಿ ಗೆಳೆಯನೊಬ್ಬ ಫೋನಿನಲ್ಲೇ ಕೇಳಿ, ಸಾಟಾ ಮೋಡ್ ಬದಲಾಯಿಸು ಅಂದ. ಎರಡೇ ನಿಮಿಷದಲ್ಲಿ ವಿಂಡೋಸ್ ತೆರೆಯಿತು. ಆಗ ಡಿವಿಡಿ ಹಾಕಿ ಫಾರ್ಮ್ಯಾಟ್ ಕೊಟ್ಟಿದ್ದರೆ ಸಿ ಡ್ರೈವ್ ಆಗಲೇ ಹೋಗಿರುತ್ತಿತ್ತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಗಲಾಟೆಯಲ್ಲಿ ನಿಜವಾದ ಅಪಾಯ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಡಿ ಡ್ರೈವ್ ನಿಧಾನವಾಗಿತ್ತು. ಫೋಟೋ ಫೋಲ್ಡರ್ ತೆರೆದರೆ ಕಿಟಕಿ ಬೆಳ್ಳಗಾಗಿ ನಿಲ್ಲುತ್ತಿತ್ತು. ಕ್ಯಾಬಿನೆಟ್‌ಗೆ ಕಿವಿ ಕೊಟ್ಟರೆ ಟಕ್ ಅಂತ ಒಂದು ಸದ್ದು, ಸ್ವಲ್ಪ ಮೌನ, ಮತ್ತೆ ಟಕ್ ಟಕ್. ಡಿಸ್ಕೇ ಸಾಯುತ್ತಿತ್ತು. ಆದರೂ ತೊಂದರೆ ಸಾಫ್ಟ್‌ವೇರ್‌ನದ್ದೇ ಅಂದುಕೊಂಡೆ. ಅಲ್ಲಿಯವರೆಗೆ ಬಂದಿದ್ದೆಲ್ಲ ಹಾಗೇ ಕಂಡಿತ್ತು, ಅಲ್ವಾ.

ಒಂದು ರಾತ್ರಿ ಡಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಟೂಲ್ಸ್‌ನಲ್ಲಿ ಚೆಕ್ ನೌ ಒತ್ತಿದೆ, ಅಂದರೆ ಚೆಕ್ ಡಿಸ್ಕ್ ಶುರುಮಾಡಿದೆ. ಎರಡು ಚೌಕ ಬಂದವು. ತಪ್ಪುಗಳನ್ನು ತಾನೇ ಸರಿಪಡಿಸುವುದಕ್ಕೆ ಒಂದು, ಕೆಟ್ಟ ಸೆಕ್ಟರ್, ಅಂದರೆ ಡಿಸ್ಕಿನ ಕೆಟ್ಟುಹೋದ ಚಿಕ್ಕ ಜಾಗಗಳನ್ನು, ಹುಡುಕುವುದಕ್ಕೆ ಇನ್ನೊಂದು. ಎರಡಕ್ಕೂ ಟಿಕ್ ಹಾಕಿದೆ. ಡ್ರೈವ್ ಬಳಕೆಯಲ್ಲಿದೆ, ಮುಂದಿನ ಸಲ ಶುರುವಾದಾಗ ಮಾಡುತ್ತೇನೆ ಅಂತ ಹೇಳಿತು. ರೀಸ್ಟಾರ್ಟ್ ಕೊಟ್ಟೆ.

ಆ ಪರದೆ ಇನ್ನೂ ಕಣ್ಣ ಮುಂದೆ ಇದೆ. ಎರಡನೇ ಹಂತದಲ್ಲಿ ಡಿಲೀಟಿಂಗ್ ಇಂಡೆಕ್ಸ್ ಎಂಟ್ರಿ ಅನ್ನುವ ಸಾಲುಗಳು ಒಂದರ ಹಿಂದೆ ಒಂದು ಮೇಲಕ್ಕೆ ಓಡತೊಡಗಿದವು. ಪ್ರತಿ ಸಾಲಿನಲ್ಲೂ ಒಂದು ಫೈಲಿನ ಹೆಸರು. ನಾನೇ ಇಟ್ಟ ಹೆಸರುಗಳು. ಅಮ್ಮನ ಫೋಟೋ, ಅಕ್ಕನ ಮಗು ನಡೆಯಲು ಕಲಿತ ದಿನದ್ದು. ಅವುಗಳನ್ನು ರಿಪೇರಿ ಮಾಡುತ್ತಿದೆ ಅಂದುಕೊಂಡು ಸುಮ್ನೆ ಕೂತು ನೋಡಿದೆ. ನಿಜಕ್ಕೂ ಫೋಲ್ಡರಿನ ಪಟ್ಟಿಯಿಂದ ಅವುಗಳ ಹೆಸರು ಅಳಿಸುತ್ತಿತ್ತು. ಚೆಕ್ ಡಿಸ್ಕ್‌ಗೆ ಬೇಕಾಗಿರುವುದು ಡ್ರೈವಿನ ಲೆಕ್ಕ ತಾಳೆಯಾಗುವುದು. ನಿಮ್ಮ ಫೋಟೋ ಉಳಿಸುವುದು ಅದರ ಕೆಲಸವೇ ಅಲ್ಲ. ಪಟ್ಟಿಯಲ್ಲಿ ಹೆಸರಿದ್ದು, ಅದು ತೋರಿಸುವ ದಾಖಲೆ ಓದಲು ಬರದಿದ್ದರೆ ಹೆಸರನ್ನೇ ತೆಗೆದುಹಾಕುತ್ತದೆ. ಲೆಕ್ಕ ಸರಿಹೋಯಿತು, ಫೋಟೋ ಹೋಯಿತು.

ನಾಲ್ಕನೇ ಹಂತದಲ್ಲಿ ಬೇರೆ ಸಾಲುಗಳು. ಇಂಥ ಫೈಲಿನ ಕೆಟ್ಟ ಕ್ಲಸ್ಟರ್‌ಗಳನ್ನು ಬದಲಾಯಿಸಲಾಗಿದೆ ಅಂತ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಕೆಟ್ಟ ಜಾಗದ ಬದಲು ಒಳ್ಳೆಯ ಜಾಗ ಕೊಟ್ಟಿತು, ಸರಿ. ಆದರೆ ಕೆಟ್ಟ ಜಾಗದಲ್ಲಿ ಓದಲು ಬಾರದೆ ಉಳಿದ ಮಾಹಿತಿ ಹೊಸ ಜಾಗಕ್ಕೆ ಬರುವುದಿಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ಪರ್ಸೆಂಟ್ ಒಂದೇ ಕಡೆ ನಿಂತಿತು. ಟಕ್ ಟಕ್ ಬಿಡುವಿಲ್ಲದೆ ಕೇಳುತ್ತಿತ್ತು. ಎರಡು ಗಂಟೆ ಕಾದು, ಪವರ್ ಬಟನ್ ಒತ್ತಿ ಹಿಡಿದೆ.

ಮಾರನೆಯ ದಿನ ಡಿ ಡ್ರೈವ್ ಮೇಲೆ ಕ್ಲಿಕ್ ಮಾಡಿದರೆ, ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಅಂತ ಕೇಳಿತು. ನಿಮಗೂ ಈ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ಡಿಸ್ಕ್ ತುಂಬ ಸೊನ್ನೆ ಬರೆಯುತ್ತದೆ. ಆಮೇಲೆ ಯಾರಿಂದಲೂ ಏನೂ ತೆಗೆಯಲು ಆಗುವುದಿಲ್ಲ. ಅಲ್ಲಿ ನಾನು ಕ್ಯಾನ್ಸಲ್ ಒತ್ತಿದೆ. ಆದರೆ ಅದೇ ಡಿಸ್ಕಿನ ಸಿ ಡ್ರೈವ್‌ಗೆ ರಿಕವರಿ ಸಾಫ್ಟ್‌ವೇರ್ ಹಾಕಿ ಎರಡು ದಿನ ಸ್ಕ್ಯಾನ್ ಮಾಡಿದೆ. ಸಾಯುತ್ತಿರುವ ಡಿಸ್ಕಿನಿಂದ ಇನ್ನೂ 48 ಗಂಟೆ ದುಡಿಸಿಕೊಂಡೆ. ಎರಡನೆಯ ದಿನ ಸದ್ದು ದುಪ್ಪಟ್ಟಾಯಿತು.

ಅದೇ ಗೆಳೆಯ ಬಂದು ಮೊದಲು ಮಾಡಿದ್ದು ಪವರ್ ಆರಿಸಿದ್ದು. ಡಿಸ್ಕ್ ಬಿಚ್ಚಿ ತನ್ನ ಮೆಷಿನ್‌ಗೆ ಜೋಡಿಸಿ, ಸ್ಮಾರ್ಟ್ ವರದಿ ತೆಗೆದು ತೋರಿಸಿದ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಳ್ಳುತ್ತದೆ, ಅದೇ ಸ್ಮಾರ್ಟ್. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಚಿಕ್ಕ ಉಚಿತ ಪ್ರೋಗ್ರಾಮ್‌ನಲ್ಲಿ ಅದು ಕಾಣುತ್ತದೆ. 05 ಅನ್ನುವ ಸಾಲು, ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳ ಲೆಕ್ಕ. ಸಿ5 ಅನ್ನುವುದು, ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳದ್ದು. ಸಿ6 ಅನ್ನುವುದು, ಡಿಸ್ಕ್ ತಾನೇ ಪರೀಕ್ಷಿಸಿ ಓದಲಾಗಲಿಲ್ಲ ಅಂತ ಬರೆದುಕೊಂಡಿದ್ದು. ಕೊನೆಯ ಕಾಲಮ್‌ನಲ್ಲಿರುವ ರಾ ವ್ಯಾಲ್ಯೂ ನೋಡಿ, ಮೂರೂ ಸೊನ್ನೆ ಇರಬೇಕು. ಅದು ಸಾಮಾನ್ಯವಾಗಿ ಹದಿನಾರರ ಲೆಕ್ಕದಲ್ಲಿ ಕಾಣುತ್ತದೆ, ಹಾಗಾಗಿ 10 ಅಂತ ಕಂಡರೆ ಅದು 16. ನನ್ನದರಲ್ಲಿ ಸಿ5 ಸಾಲಿನಲ್ಲೇ ನೂರಾರು ಇತ್ತು. ಗಡಿಯಾರ ಕೆಟ್ಟ ದಿನವೇ ಈ ಪುಟ ತೆರೆದು ನೋಡಿದ್ದರೆ ಅನ್ನುವುದನ್ನು ಎಷ್ಟು ಸಲ ಯೋಚಿಸಿದ್ದೇನೋ.

ಸಿ7 ಅಂತ ಇನ್ನೊಂದು ಸಾಲು ಇದೆ, ಡಿಸ್ಕ್ ಮತ್ತು ಕಂಪ್ಯೂಟರ್ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ. ಉಳಿದವು ಸೊನ್ನೆ ಇದ್ದು ಇದೊಂದೇ ಏರುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಮೇಲೆ. ಕೇಬಲ್ ಬದಲಾಯಿಸಿ ನೋಡಿ. ಹಳೆಯ ಎಣಿಕೆ ಹಾಗೇ ಉಳಿಯುತ್ತದೆ, ಮುಂದೆ ಏರದಿದ್ದರೆ ಸಾಕು.

ಆಮೇಲೆ ಅವನು ವಿಂಡೋಸ್ ಬದಲು ಬಳಸುವ ಲಿನಕ್ಸ್ ಇರುವ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನುವ ಕಾಪಿ ಮಾಡುವ ಪ್ರೋಗ್ರಾಮ್ ಓಡಿಸಿದ. ಅದು ಕೆಲಸ ಮಾಡುವ ರೀತಿಯೇ ಬೇರೆ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಜಗ್ಗಾಡುತ್ತಾ ಕೂರುವುದಿಲ್ಲ. ದಾಟಿ ಹೋಗಿ, ಸುಲಭವಾಗಿ ಬರುವುದನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೊಂಡು, ಕೊನೆಗೆ ಕಷ್ಟದ ಜಾಗಗಳಿಗೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ಮಧ್ಯೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಹಳೆಯ ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ. ಆದರೆ ಎಂಟರ್ ಒತ್ತುವ ಮುಂಚೆ ಯಾವ ಡಿಸ್ಕಿನಿಂದ ಯಾವ ಡಿಸ್ಕಿಗೆ ಅನ್ನುವುದನ್ನು ಎರಡು ಸಲ ನೋಡಿ. ಅದಲು ಬದಲಾದರೆ ಇದ್ದಿದ್ದೂ ಅಳಿಸುತ್ತದೆ. ಹೀಗೆ ಸಿಕ್ಕ ಪ್ರತಿಯ ಮೇಲೆ ಫೋಟೋರೆಕ್ ಓಡಿಸಿದೆವು. ಅದು ಫೈಲುಗಳನ್ನು ಅವುಗಳ ಒಳಗಿನ ಗುರುತಿನಿಂದ ಹುಡುಕುತ್ತದೆ, ಹೆಸರು ಮಾತ್ರ ವಾಪಸ್ ಬರುವುದಿಲ್ಲ.

ಬಂದ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಒಂದರಲ್ಲಿ ಅಮ್ಮನ ಹಣೆ, ಕಣ್ಣು, ಮೂಗಿನವರೆಗೆ ಇದೆ. ಅಲ್ಲಿಂದ ಕೆಳಗೆ ಪೂರ್ತಿ ಬೂದು ಬಣ್ಣ. ಅಮ್ಮ ಕಥೆ ಹೇಳಿದ 23 ರೆಕಾರ್ಡಿಂಗ್ ಇದ್ದವು. ಕೊನೆಯವರೆಗೆ ಕೇಳಲು ಬರುವುದು 9.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಡಿಸ್ಕ್ ಚೆನ್ನಾಗಿದ್ದರೂ, ಕೆಲಸ ನಡೆಯುವಾಗ ಮಾಹಿತಿ ತಾತ್ಕಾಲಿಕವಾಗಿ ಇರುವ ರ‍್ಯಾಮ್ ಕೆಟ್ಟಿದ್ದರೆ ಚೆಕ್ ಡಿಸ್ಕ್ ಅಪಾಯವೇ. ಓದಿದ್ದು ರ‍್ಯಾಮ್‌ನಲ್ಲಿ ತಪ್ಪಾಗಿ ಕೂತರೆ, ಸರಿ ಇರುವುದನ್ನೇ ತಪ್ಪು ಅಂದುಕೊಂಡು ತಿದ್ದಿ ಡಿಸ್ಕಿಗೆ ಬರೆಯುತ್ತದೆ. ಸಿಸ್ಟಮ್ ಎಲ್ಲೆಂದರಲ್ಲಿ ಹ್ಯಾಂಗ್ ಆಗುತ್ತಿದ್ದರೆ ಮೊದಲು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್ ಡ್ರೈವ್‌ನಿಂದ ಓಡಿಸಿ. ಕನಿಷ್ಠ ಒಂದು ಸುತ್ತು ಪೂರ್ತಿ ಬಿಡಿ. ಒಂದೇ ಒಂದು ಎರರ್ ಬಂದರೂ ರ‍್ಯಾಮ್ ನಂಬಬೇಡಿ. ಪವರ್ ತೆಗೆದು ಸ್ಟಿಕ್‌ಗಳನ್ನು ಹೊರತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ, ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಸ್ವಲ್ಪ ಹೊತ್ತಿನ ನಂತರ ತಾನೇ ಆಫ್ ಆಗುತ್ತಿದ್ದರೆ ಫ್ಯಾನ್ ಧೂಳು ತೆಗೆಯಿರಿ, ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದೆಯಾ ನೋಡಿ. 2000ರ ದಶಕದ ಬೋರ್ಡ್ ಆದರೆ, ಅದರ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಅಂತಲೂ ನೋಡಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತಮೇಲೂ ಅದರೊಳಗೆ ಅಪಾಯದ ವೋಲ್ಟೇಜ್ ಉಳಿದಿರುತ್ತದೆ.

ನಿಮ್ಮ ಡಿಸ್ಕ್ ಈಗಾಗಲೇ ಟಕ್ ಟಕ್ ಅನ್ನುತ್ತಿದೆಯಾ? ಬೇಕಾದ ಫೈಲುಗಳು ಇನ್ನೂ ತೆರೆಯುತ್ತಿದ್ದರೆ ಈಗಲೇ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ, ಬೇರೆಲ್ಲೂ ಸಿಗದಂಥವು ಮೊದಲು, ಸಿನಿಮಾ ಹಾಡು ಆಮೇಲೆ. ಅದೇ ಡಿಸ್ಕಿನ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿದರೆ ಕಾಪಿ ಮಾಡಿದ ಹಾಗಲ್ಲ. ನಾನು ಸಿಯಿಂದ ಡಿಗೆ ಹಾಕಿ ವರ್ಷಗಟ್ಟಲೆ ನಿಶ್ಚಿಂತೆಯಿಂದಿದ್ದೆ. ತೆರೆಯುತ್ತಿಲ್ಲ ಅಂದರೆ ಪವರ್ ಆರಿಸಿ, ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ. ಡಿಡಿರೆಸ್ಕ್ಯೂ ಗೊತ್ತಿರುವವರು ಸಿಕ್ಕರೆ ಅವರ ಕೈಗೆ ಕೊಡಿ. ಸದ್ದು ಜೋರಾಗಿದ್ದು ಒಳಗಿರುವುದು ಅಮೂಲ್ಯವಾಗಿದ್ದರೆ ಅದನ್ನೂ ಮಾಡಿಸದೆ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ರಿಕವರಿ ಲ್ಯಾಬ್‌ಗೇ ನೇರವಾಗಿ ಕೊಡಿ. ನೀವಾಗಿ ಡಿಸ್ಕಿನ ಮುಚ್ಚಳ ತೆಗೆಯಬೇಡಿ, ಫ್ರೀಜರಿನಲ್ಲೂ ಇಡಬೇಡಿ. ರಿಪೇರಿಗೆ ಕೊಡುವಾಗ, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ ಅಂತ ಒಂದು ಚೀಟಿ ಬರೆದು ಡಿಸ್ಕಿಗೇ ಅಂಟಿಸಿ.

ಆ ಹಳೆಯ ಕಂಪ್ಯೂಟರ್ ಈಗ ಹೊಸ ಎಸ್‌ಎಸ್‌ಡಿ, ಹೊಸ ಸೆಲ್ ಹಾಕಿಸಿಕೊಂಡು ಚೆನ್ನಾಗಿ ನಡೆಯುತ್ತಿದೆ. ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದ್ದರಿಂದ ಲಿನಕ್ಸ್ ಹಾಕಿದ್ದೇನೆ. ಸಿಕ್ಕ ಒಂಬತ್ತು ರೆಕಾರ್ಡಿಂಗ್ ಅದರಲ್ಲೂ ಇವೆ, ಹೊರಗಿನ ಎರಡು ಡಿಸ್ಕಿನಲ್ಲೂ ಇವೆ. ಒಂದು ಡಿಸ್ಕ್ ಅಕ್ಕನ ಮನೆಯಲ್ಲಿದೆ.