ಆರ್ಮರ್ಡ್ ಕೇಬಲ್ ಅರ್ಥಿಂಗ್ ಚೆಕ್: ಬೀಪ್, ಬಲ್ಬು, ಮೆಗ್ಗರ್, ಲೋ ಓಮ್ ಮೀಟ್ರು, ಯಾವುದನ್ನ ನಂಬೋದು?

ಕಳೆದ ತಿಂಗ್ಳು ತುಮಕೂರು ಹತ್ರ ಒಂದು ಶೆಡ್‌ಗೆ ಹೊಸ ಕೇಬಲ್ ಎಳೆದ್ವಿ, ನಾಲ್ಕು ಕೋರ್ 25 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ, ರೌಂಡ್ ವೈರ್ ಆರ್ಮರ್ (ಕೋರುಗಳ ಸುತ್ತ ಇರೋ ಸ್ಟೀಲ್ ತಂತಿ ಕವಚ), ಮೇನ್ ಪ್ಯಾನಲ್‌ನಿಂದ ಮೋಟಾರ್ ಪ್ಯಾನಲ್‌ಗೆ 85 ಮೀಟ್ರು. ನಾಲ್ಕೂ ಕೋರು ಮೂರು ಫೇಸು ಒಂದು ನ್ಯೂಟ್ರಲ್‌ಗೇ ಮುಗೀತು, ಹಂಗಾಗಿ ಅರ್ಥಿಂಗ್ ಅಂದ್ರೆ ಆರ್ಮರ್ರೇ, ಜೊತೆಗೆ ಪಕ್ಕದಲ್ಲಿ ಎಳೆದ 25×3 ಎಂಎಂ ಜಿಐ (ಸತು ಲೇಪದ ಕಬ್ಬಿಣ) ಪಟ್ಟಿ. ಜೊತೇಲಿದ್ದ ಹುಡುಗ ಮಲ್ಟಿಮೀಟರ್ ಇಟ್ಟ, ಬೀಪ್ ಬಂತು, "ಅಣ್ಣ ಅರ್ಥಿಂಗ್ ಓಕೆ" ಅಂದ. ನಂಗೆ ಸಮಾಧಾನ ಆಗ್ಲಿಲ್ಲ, ಅವತ್ತು ಟೈಮೂ ಇತ್ತು, ಅದಕ್ಕೆ ಒಂದೇ ಕೇಬಲ್ ಮೇಲೆ ಒಂದನ್ನ ಬಿಟ್ಟು ಇರೋ ಎಲ್ಲಾ ಮೆಥಡ್ಡೂ ಮಾಡಿ ನೋಡಿದೆ.

ಮೊದ್ಲು ಕನೆಕ್ಷನ್ ಹೆಂಗೆ ಅಂತ ಹೇಳ್ತೀನಿ. ಸಪ್ಲೈ ಪೂರ್ತಿ ಆಫ್, ಫ್ಯೂಸ್ ಕಿತ್ತು ಜೇಬಲ್ಲಿ. ಮೋಟಾರ್ ಪ್ಯಾನಲ್ ಕಡೆ ಒಂದು ಫೇಸ್ ಕೋರನ್ನ ಅರ್ಥ್ ಬಾರ್‌ಗೆ (ಪ್ಯಾನಲ್ಲಲ್ಲಿ ಅರ್ಥ್ ವೈರೆಲ್ಲಾ ಬಂದು ಸೇರೋ ಕಡೆ) ಗಟ್ಟಿಯಾಗಿ ಸೇರ್ಸಿ, ಈ ಕಡೆ ಅದೇ ಫೇಸಿಗೂ ಅರ್ಥ್ ಬಾರ್‌ಗೂ ಮಧ್ಯ ಅಳೀಬೇಕು. 85 ಮೀಟ್ರು ವೈರು ಹೊತ್ಕೊಂಡು ಓಡಾಡೋದು ತಪ್ಪತ್ತೆ, ಎರಡೂ ಗ್ಲ್ಯಾಂಡು (ಕೇಬಲ್ ಪ್ಯಾನಲ್ ಒಳಗೆ ಹೋಗೋ ಕಡೆ ಆರ್ಮರನ್ನ ಹಿಡಿಯೋ ಲೋಹದ ಫಿಟ್ಟಿಂಗ್) ಲೆಕ್ಕಕ್ಕೆ ಬರತ್ತೆ. ಎಷ್ಟು ಬರಬೇಕು ಅಂತ ಮೊದ್ಲೇ ಲೆಕ್ಕ ಹಾಕ್ಕೊಳ್ಳಿ: 25 ಸ್ಕ್ವೇರ್ ಅಲ್ಯೂಮಿನಿಯಂ ಕಿಲೋಮೀಟರ್‌ಗೆ 1.20 ಓಮ್, ಅಂದ್ರೆ 85 ಮೀಟ್ರಿಗೆ 0.10. ಆರ್ಮರ್ ಸ್ಟೀಲು, ಅದೇ ದಪ್ಪದ ತಾಮ್ರಕ್ಕಿಂತ ಎಂಟು ಪಟ್ಟು ರೆಸಿಸ್ಟೆನ್ಸ್, ವೈರ್ ಎಣಿಸಿ ಲೆಕ್ಕ ಹಾಕಿದ್ರೆ 0.15 ಹತ್ರ. ಒಟ್ಟು 0.25.

ಮಲ್ಟಿಮೀಟರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 30-40 ಓಮ್ ಇದ್ರೂ ಬೀಪ್ ಕೊಡತ್ತೆ, ಓಮ್ಸಲ್ಲಿ ಇಟ್ರೆ ಅದರ ಲೀಡೇ 0.3 ತೋರ್ಸತ್ತೆ, ಇನ್ನು 0.25 ಹುಡ್ಕೋದೆಲ್ಲಿ. ಕೈಲಿ ತಿರ್ಗಿಸೋ ಮೆಗ್ಗರ್ ಇನ್ನೂ ಮೋಸ, ಅದರ ಸ್ಕೇಲು ಮೆಗಾಓಮ್ಸಲ್ಲಿ ಇರೋದು, ಮುಳ್ಳು ಜೀರೋಗೆ ಬಂತು ಅಂದ್ರೆ ನೂರಾರು ಓಮ್ ಇದ್ರೂ ಜೀರೋನೇ. ಅದು ಇನ್ಸುಲೇಶನ್ ನೋಡಕ್ಕೆ, ಅಷ್ಟೇ.

ಫೇಸ್‌ನಿಂದ ಅರ್ಥ್‌ಗೆ ನೂರು ವ್ಯಾಟ್ ಬಲ್ಬ್ ಹಚ್ಚಿ ನೋಡೋದು ಹಳೇ ಮೇಸ್ತ್ರಿಗಳ ಅಭ್ಯಾಸ. ಇದನ್ನ ನಾನು ಮಾಡ್ಲಿಲ್ಲ, ನೀವೂ ದಯವಿಟ್ಟು ಮಾಡಬೇಡಿ. ಬಲ್ಬ್ ಎಳೆಯೋದು 0.43 ಆಂಪ್ಸು, ಅರ್ಥ್‌ನಲ್ಲಿ 5 ಓಮ್ ಲೂಸ್ ಇದ್ರೂ 2 ವೋಲ್ಟ್ ಡ್ರಾಪ್ ಅಷ್ಟೇ, ಬಲ್ಬ್ ಫುಲ್ ಉರಿಯತ್ತೆ. ಅರ್ಥ್ ಕಟ್ ಆಗಿದ್ರಂತೂ ಪ್ಯಾನಲ್ ಬಾಡಿಗೆ ಆ ಬಲ್ಬ್ ಮೂಲಕ ಕರೆಂಟ್ ಬಂದು ಕೂತಿರತ್ತೆ, ಯಾರಾದ್ರೂ ಕೈ ಇಟ್ರೆ ಮುಗೀತು.

ಈಗ ಲೋ ಓಮ್ ಟೆಸ್ಟರ್, 200 ಮಿಲಿಆಂಪ್ಸ್ ಕಳ್ಸೋದು. ಲೀಡ್ ಎರಡೂ ಸೇರ್ಸಿ ನಲ್ ಮಾಡಿ, ಅಂದ್ರೆ ಲೀಡಿನ ಓಮ್ ಕಳೆದು, ಇಟ್ರೆ 0.23 ಬಂತು. ಲೆಕ್ಕಕ್ಕಿಂತ ಕಮ್ಮಿ, ಖುಷಿ ಪಡ್ಬೇಕಿತ್ತು, ಆಮೇಲೆ ನೆನಪಾಯ್ತು ಜಿಐ ಪಟ್ಟಿ ಇನ್ನೂ ಕನೆಕ್ಟ್ ಆಗೇ ಇದೆ. ಪಟ್ಟಿ ಬಿಚ್ಚಿದೆ, 0.61 ಆಯ್ತು. ನೋಡಿ, ಪಟ್ಟಿ ಪ್ಯಾರಲಲ್ಲಾಗಿ ಇದ್ದಿದ್ದಕ್ಕೆ ಆರ್ಮರ್ ಕೆಟ್ಟಿರೋದು ಮುಚ್ಚೋಗಿತ್ತು. ಫೇಸ್ ಬಾಡಿಗೆ ತಗುಲಿದಾಗ 63 ಆಂಪ್ಸ್ ಸಿ ಕರ್ವ್ ಎಂಸಿಬಿ ತಕ್ಷಣ ಟ್ರಿಪ್ ಆಗತ್ತೆ ಅಂತ ಗ್ಯಾರಂಟಿ ಬೇಕಂದ್ರೆ ಅದರ ಹತ್ತು ಪಟ್ಟು, 630 ಆಂಪ್ಸ್ ಹರೀಬೇಕು, 0.61ರಲ್ಲಿ 230 ವೋಲ್ಟ್‌ಗೆ 377 ದಾಟಲ್ಲ. ಸಪ್ಲೈ ಇರುವಾಗ ಫೇಸ್-ಅರ್ಥ್ ಪೂರ್ತಿ ದಾರಿಯ ಓಮ್ ಅಳೆಯೋ ಲೂಪ್ ಟೆಸ್ಟರ್‌ನೂ ಇದೇ ಪ್ಯಾರಲಲ್ ಕಾರಣಕ್ಕೆ ಮೊದ್ಲು ಹಿಡೀಬಾರ್ದು ಅನ್ನೋದು ನಾನು, ಪಟ್ಟಿ, ಕಂಬ, ನೀರಿನ ಪೈಪು ಎಲ್ಲಾ ಸೇರಿಸ್ಕೊಂಡು ಒಳ್ಳೇ ರೀಡಿಂಗ್ ಕೊಟ್ಬಿಡತ್ತೆ. ಕೊನೇಲಿ ಸಪ್ಲೈ ಕೊಟ್ಟ ಮೇಲೆ ಅದು ಬೇಕೇ ಬೇಕು, ಮೊದ್ಲಲ್ಲ.

ಕೊನೇದು ನಂಗೆ ಬಹಳ ಹಿಡಿಸಿದ್ದು. ಒಂದು 12 ವೋಲ್ಟ್ ಬ್ಯಾಟ್ರಿ, ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬು, ಸೀರೀಸಲ್ಲಿ ಒಂದು ಮೀಟ್ರು 10 ಆಂಪ್ಸ್ ರೇಂಜಲ್ಲಿ, ಇನ್ನೊಂದು ಮೀಟ್ರು ವೋಲ್ಟ್ಸಲ್ಲಿ ನೇರ ಫೇಸ್ ಲಗ್ ಮೇಲೂ ಅರ್ಥ್ ಬಾರ್ ಮೇಲೂ. ವೋಲ್ಟನ್ನ ಆಂಪ್ಸಿಂದ ಭಾಗಿಸಿದ್ರೆ ಓಮ್, ಲೀಡಿನ ರಗಳೆ ಇಲ್ಲ. ಹುಡುಗನಿಗೆ ಆ ಕಡೆ ಕೇಬಲ್ ಅಲ್ಲಾಡ್ಸು ಅಂದೆ, ಅವನು ಅಲ್ಲಾಡ್ಸಿದಂಗೆಲ್ಲಾ ಇಲ್ಲಿ ಬಲ್ಬ್ ಮಿಣಿಮಿಣಿ ಅಂತು. ಲೋ ಓಮ್ ಮೀಟ್ರು ಅಂಕಿ ಕೊಟ್ಟಿತ್ತು, ಯಾವ ತುದಿ ಅಂತ ತೋರ್ಸಿದ್ದು ಈ ಬಲ್ಬು.

ಆ ಗ್ಲ್ಯಾಂಡ್ ಬಿಚ್ಚಿದ್ರೆ ಸುಮಾರು ನಲ್ವತ್ತು ಆರ್ಮರ್ ವೈರಲ್ಲಿ, ಗ್ಲ್ಯಾಂಡ್ ಒಳಗೆ ವೈರನ್ನ ಒತ್ತಿ ಹಿಡಿಯೋ ಕೋನ್ ಮೇಲೆ ಕೂತಿದ್ದು ಐದೇ, ಮಿಕ್ಕಿದ್ದೆಲ್ಲಾ ಗಿಡ್ಡ ಕತ್ತರಿಸಿ ಒಳಗೇ ಉಳಿದಿದ್ವು. ಲಾಕ್ ನಟ್ ಪೌಡರ್ ಕೋಟಿಂಗ್ ಮೇಲೇ ಕೂತಿತ್ತು, ಪೇಂಟಿನಲ್ಲಿ ಒಂದು ಸಣ್ಣ ಗೀರು, ಅಲ್ಲೊಂದೇ ಕಡೆ ಲೋಹ ಹೊಳೀತಿತ್ತು. ಗ್ಲ್ಯಾಂಡಿಂದ ಅರ್ಥ್ ವೈರ್ ಎಳೆಯೋಕೆ ಹಾಕೋ ಲೋಹದ ಬಿಲ್ಲೆ, ಅರ್ಥ್ ಟ್ಯಾಗು, ಹಾಕೇ ಇರ್ಲಿಲ್ಲ. ಒಂದು ಗೇಣು ಕೇಬಲ್ ಒಳಗೆಳೆದು ಹೊಸದಾಗಿ ಗ್ಲ್ಯಾಂಡ್ ಹಾಕಿ, ಎಮರಿ ಪೇಪರಲ್ಲಿ ಪೇಂಟ್ ಉಜ್ಜಿ, ಟ್ಯಾಗ್ ಕೊಟ್ಟು ಅರ್ಥ್ ಬಾರ್‌ಗೆ ವೈರ್ ಎಳೆದೆ.

ಆಮೇಲೆ 4.3 ಆಂಪ್ಸ್, 1.12 ವೋಲ್ಟ್, ಅಂದ್ರೆ 0.26. ಲೋ ಓಮ್ ಟೆಸ್ಟರ್‌ನಲ್ಲೂ 0.26. ಕೇಬಲ್ ಜಗ್ಗಿದ್ರೂ ಬಲ್ಬ್ ಅಲ್ಲಾಡ್ಲಿಲ್ಲ, ಪಟ್ಟಿ ವಾಪಸ್ ಸೇರ್ಸಿದ್ಮೇಲೆ 0.18. ಆಮೇಲೇನೇ ಫ್ಯೂಸ್ ಜೇಬಿಂದ ತೆಗೆದಿದ್ದು.