ಮಿನಿ ವಿಧಾನಸೌಧದ ಹತ್ತಿರದ ಟೈಪಿಂಗ್ ಅಂಗಡಿ: ವೀಸಾ ಫೈಲಿಗೆ ಒಳ್ಳೆಯ ಜಾಗ, ಇಮೇಲ್ ಮಾತ್ರ ನಿಮ್ಮದೇ ಕೊಡಿ

ಮೊದಲೇ ಹೇಳಿಬಿಡುತ್ತೇನೆ, ಇದು ವೀಸಾ ಏಜೆನ್ಸಿ ಅಲ್ಲ. ಕಲಬುರಗಿ ಮಿನಿ ವಿಧಾನಸೌಧದ ಸುತ್ತಮುತ್ತ ಟೈಪಿಂಗ್, ಜೆರಾಕ್ಸ್, ಬಾಂಡ್ ಪೇಪರಿನ ಅಂಗಡಿಗಳಿವೆಯಲ್ಲ, ಅದರಲ್ಲಿ ಒಂದು. ಹೊರಗೆ ಬೋರ್ಡಿನ ಮೇಲೆ ಪಹಣಿ, ಜಾತಿ-ಆದಾಯ, ಅಫಿಡವಿಟ್, ಪಾಸ್‌ಪೋರ್ಟ್ ಅರ್ಜಿ ಅಂತ ಉದ್ದ ಪಟ್ಟಿ ಇದೆ. ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ 'ಫಾರಿನ್ ಫೈಲ್ ನೋಡಿ ಕೊಡಲಾಗುವುದು' ಅಂತ ಬರೆದಿದ್ದಾರೆ. ಆ ಕೊನೆಯ ಸಾಲಿನ ಬಗ್ಗೆಯೇ ಈ ಬರಹ. ಕೆಳಗೆ ಎರಡು ದೂರುಗಳೂ ಇರುವುದರಿಂದ ಅಂಗಡಿ ಹೆಸರು ಹಾಕುತ್ತಿಲ್ಲ. ಮಾಲೀಕರು ಅರವತ್ತು ದಾಟಿದವರು, ಎಲ್ಲರೂ ಕಾಕಾ ಅನ್ನುತ್ತಾರೆ. ಅಲ್ಲಿನ ಚಹಾದ ಗಾಡಿಯವನನ್ನು 'ಫಾರಿನ್ ಕಾಕಾ ಎಲ್ಲಿ' ಅಂತ ಕೇಳಿದರೆ ಕೈ ತೋರಿಸುತ್ತಾನೆ.

ನನ್ನ ಹೆಂಡತಿ ಸ್ಟಾಫ್ ನರ್ಸ್. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸರ್ಕಾರಿ ಆಸ್ಪತ್ರೆಯ ಕೆಲಸ ಸಿಕ್ಕಿ ಅವಳು ಮುಂಚೆ ಹೋದಳು. ಅಲ್ಲಿ ನರ್ಸಿಂಗ್ ಕೌನ್ಸಿಲ್ಲಿನ ಪ್ರಾಕ್ಟಿಕಲ್ ಪರೀಕ್ಷೆ, ಓಸ್ಕಿ ಅಂತಾರೆ, ಅದು ಪಾಸಾಗುವವರೆಗೆ ಅವಳಿಗೆ ಬೇರೆ ತಲೆನೋವು ಬೇಡ ಅಂತ ನಾನು ಇಲ್ಲೇ ಉಳಿದೆ. ನಾನು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಕಡೆ ಗಂಡ ದುಬೈಗೆ ಹೋಗಿ ಆಮೇಲೆ ಹೆಂಡತಿಯನ್ನು ಕರೆಸಿಕೊಂಡರೆ ಯಾರೂ ಏನೂ ಕೇಳಲ್ಲ. ತಿರುಗಾಮುರುಗಾ ಆದರೆ ಮದುವೆ ಮನೆಯ ಪಂಕ್ತಿಯಲ್ಲೂ ಅದೇ ಮಾತು. "ಹೆಂಡ್ತಿ ಹಿಂದ ಹೊಂಟಾನ ನೋಡು" ಅಂತ ನನಗೆ ಕೇಳುವ ಹಾಗೆಯೇ ಅಂದವರಿದ್ದಾರೆ. ಇರಲಿ ಬಿಡಿ.

ಕಾಕಾ ಹತ್ತಿರ ಹೋಗುವ ಮುಂಚೆ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಫೋನ್ ಮಾಡಿದ್ದೆ. ಸರ್ವೀಸ್ ಚಾರ್ಜು 45,000 ರೂಪಾಯಿ ಅಂದರು. ಅದರ ಜೊತೆ ಹೆಲ್ತ್ ಸರ್‌ಚಾರ್ಜ್ ಅಂತ, ಅಂದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆ ಕಟ್ಟುವ ಶುಲ್ಕ, ಮೂರು ಲಕ್ಷದ ಮೇಲಿನ ಲೆಕ್ಕ ಕಳಿಸಿದರು. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು ಅಂದರು. ದರ ಏನೋ ಸರಿಯೇ. ಆದರೆ ಕಾಕಾ, ಕೆಲಸ ಕೊಟ್ಟ ಆಸ್ಪತ್ರೆಯವರು ಕಳಿಸಿದ ನನ್ನ ಹೆಂಡತಿಯ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಪ್ರತಿ ಇಸಕೊಂಡು, ಕನ್ನಡಕ ಏರಿಸಿ ಎರಡು ನಿಮಿಷ ಓದಿ, "ಇದು ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ ಅದ ಸರ. ಈ ಫೀ ಅಕಿಗೂ ಇಲ್ಲ, ನಿಮಗೂ ಇಲ್ಲ" ಅಂದರು. ಮನೆಗೆ ಬಂದು ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿದೆ. ಅವರು ಹೇಳಿದ್ದೇ ನಿಜ. ಈ ವೀಸಾದವರಿಗೂ ಅವರ ಗಂಡ, ಹೆಂಡತಿ, ಮಕ್ಕಳಿಗೂ ಆ ಸರ್‌ಚಾರ್ಜ್ ಮಾಫಿ. ಬೆಂಗಳೂರಿನವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾಕಿದರೋ, ನಾನು ಮತ್ತೆ ಫೋನ್ ಮಾಡಲಿಲ್ಲ.

ಬ್ಯಾಂಕ್ ಬ್ಯಾಲೆನ್ಸಿನ ವಿಷಯವೂ ಹಾಗೆಯೇ. ಗಂಡ ಅಥವಾ ಹೆಂಡತಿಗೆ 285 ಪೌಂಡ್‌ನಷ್ಟು ಹಣ 28 ದಿನ ಖಾತೆಯಲ್ಲಿ ಇರಬೇಕು ಅನ್ನುವುದು ನಿಯಮ. ಕೆಲಸ ಕೊಟ್ಟವರೇ ಆ ಖರ್ಚು ನೋಡಿಕೊಳ್ಳುತ್ತೇವೆ ಅಂತ ಸರ್ಟಿಫಿಕೇಟಿನಲ್ಲಿ ಬರೆದಿದ್ದರೆ ಅದೂ ಬೇಡ. ಆ ಒಂದು ಸಾಲನ್ನು ಹುಡುಕಿ ಪೆನ್ಸಿಲಿನಿಂದ ಗೆರೆ ಎಳೆದು ಕೊಟ್ಟರು. ಇನ್ನೊಂದು ಗುಣ ಮೆಚ್ಚಿಕೊಂಡೆ. ನಾನಿದ್ದಾಗಲೇ ಒಬ್ಬ ಹುಡುಗ ಬಂದ. ಕೇರ್ ವರ್ಕರ್ ಕೆಲಸಕ್ಕೆ, ಅಂದರೆ ನರ್ಸ್ ಅಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವಂಥ ಕೆಲಸಕ್ಕೆ ಹೋಗಿ ಹೆಂಡತಿಯನ್ನೂ ಕರೆದೊಯ್ಯಬೇಕು ಅಂತ ಯಾರೋ ಏಜೆಂಟಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದ. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಮನೆಯವರನ್ನು ಕರೆಸುವಂತಿಲ್ಲ ಅಂತ ಮುಖದ ಮೇಲೆ ಹೇಳಿ ಕಳಿಸಿದರು. ಆ ಫೈಲ್ ತಗೊಂಡಿದ್ದರೆ ಅವರಿಗೂ ನಾಲ್ಕು ದುಡ್ಡು ಬರುತ್ತಿತ್ತು.

ಈಗ ಹೆಸರಿನ ಕಥೆ. ನಮ್ಮಪ್ಪನ ಹೆಸರಲ್ಲಿ ಬಸಪ್ಪ ಇದೆ. ಕಲಬುರಗಿಯಲ್ಲಿ ಅರ್ಧ ಊರಿನ ಅಪ್ಪಂದಿರ ಹೆಸರಲ್ಲಿ ಬಸಪ್ಪನೋ ಶರಣಪ್ಪನೋ ಇರುತ್ತಾನೆ, ಅಲ್ವಾ? ಇಂಗ್ಲಿಷಿನಲ್ಲಿ ಅದನ್ನು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ಪಿ ಹಾಕಿ ಬರೆದಿದ್ದಾರೆ, ಪಾಸ್‌ಪೋರ್ಟಿನಲ್ಲಿ ಎರಡು ಪಿ. ಮದುವೆ ನೋಂದಣಿಯಲ್ಲಿ ನಡುವೆ ಒಂದು ಎ ಜಾಸ್ತಿ. ಕಾಕಾ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಸ್ಕೇಲ್ ತಗೊಂಡು ಹೆಸರಿನ ಸಾಲಿನ ಕೆಳಗೆ ಇಟ್ಟು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತಾ ಹೋದರು. ಅಂಗಡಿಯ ಹುಡುಗ ಎದುರು ಕೂತು ಪಾಸ್‌ಪೋರ್ಟ್ ಹಿಡಿದು "ಹೌದು, ಹೌದು, ಇಲ್ಲ" ಅನ್ನುತ್ತಿದ್ದ. 'ಇಲ್ಲ' ಬಂದ ಕಡೆ ಹಳದಿ ಚೀಟಿ ಅಂಟಿಸಿದರು. ಯಾವುದನ್ನು ತಿದ್ದಿಸಬೇಕು, ಯಾವುದಕ್ಕೆ ಅಫಿಡವಿಟ್ ಸಾಕು, ಯಾವುದನ್ನು ಸುಮ್ನೆ ಬಿಡಬಹುದು ಅಂತ ಬೇರೆ ಬೇರೆ ಮಾಡಿ ಕೊಟ್ಟರು. ಎಲ್ಲದಕ್ಕೂ ಅಫಿಡವಿಟ್ ಮಾಡಿಸಿ ಅಂದಿದ್ದರೆ ಅವರ ವ್ಯಾಪಾರವೇ ಜಾಸ್ತಿ ಆಗುತ್ತಿತ್ತು.

ಕನ್ನಡದ ಕಾಗದಗಳ ಅನುವಾದ ಪುಟಕ್ಕೆ 250 ರೂಪಾಯಿ. ಅನುವಾದ ಚೆನ್ನಾಗಿದೆ ಅನ್ನುವುದಕ್ಕಿಂತ ಅಡಿಯಲ್ಲಿ ಏನು ಬರೆಯಬೇಕು ಅನ್ನುವುದು ಅವರಿಗೆ ಗೊತ್ತು. ಇದು ಮೂಲದ ಸರಿಯಾದ ಅನುವಾದ ಅನ್ನುವ ಮಾತು, ತಾರೀಕು, ಅನುವಾದ ಮಾಡಿದವರ ಪೂರ್ತಿ ಹೆಸರು, ಸಹಿ, ಫೋನ್ ನಂಬರು. ಇಷ್ಟೂ ಇರಬೇಕು. ಬೇರೆ ಕಡೆ ಬರೀ ಗುಂಡು ಸೀಲು ಒತ್ತಿ ಕೊಡುತ್ತಾರೆ.

ಟಿಬಿ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕು ಅಂದುಕೊಂಡಿದ್ದೆ. ಆರು ತಿಂಗಳಿಗಿಂತ ಜಾಸ್ತಿ ಇರಲು ಹೋಗುವವರು ಬ್ರಿಟನ್ ಒಪ್ಪಿದ ಕ್ಲಿನಿಕ್ಕಿನಲ್ಲೇ ಎದೆಯ ಎಕ್ಸ್‌ರೇ ತೆಗೆಸಬೇಕು. ಆ ಪ್ರಮಾಣಪತ್ರ ಆರು ತಿಂಗಳು ನಡೆಯುತ್ತದೆ. "ಬೆಂಗಳೂರು ಯಾಕ ಸರ, ಹೈದರಾಬಾದ್ ಇಲ್ಲೇ ಅದಲ್ಲ" ಅಂದರು ಕಾಕಾ. ಒಪ್ಪಿದ ಕ್ಲಿನಿಕ್ ಅಲ್ಲೂ ಇದೆ, ಬೆರಳಚ್ಚು ಕೊಡುವ ವೀಸಾ ಕೇಂದ್ರವೂ ಇದೆ. ಮುಂಬೈಯಿಂದ ಬರುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ನಮ್ಮೂರ ಮೇಲೆಯೇ ಹೋಗುತ್ತದೆ. ಲಾಡ್ಜ್ ಖರ್ಚು ಉಳಿಯಿತು.

ಇದೆಲ್ಲ ಬೇರೆಯವರೂ ಮಾಡಿಯಾರು. ನಾನು ಈ ಅಂಗಡಿಯನ್ನು ಹೊಗಳುವುದು ಇನ್ನೊಂದಕ್ಕೆ. ಫೈಲ್ ಅರ್ಧ ಆದಾಗ ಕಾಕಾ ಪೆನ್ನು ಕೆಳಗಿಟ್ಟು ಕೇಳಿದರು: "ತಂಗಿ ಅಲ್ಲಿ ನೌಕ್ರಿ ಮಾಡ್ತಾಳ, ಖರೆ. ನೀವು ಹೋಗಿ ಏನ್ ಮಾಡ್ತೀರಿ?" ನೆಂಟರೂ ಇದನ್ನೇ ಕೇಳಿದ್ದರು, ಅವರ ದನಿ ಬೇರೆ. ಇವರಿಗೆ ಉತ್ತರ ಬೇಕಿತ್ತು. ನನಗೆ ಸಿಗುವ ವೀಸಾದಲ್ಲಿ ಮೊದಲ ದಿನದಿಂದಲೇ ಕೆಲಸ ಮಾಡಬಹುದು. ಆದರೆ ಕೆಲಸಕ್ಕೆ ಬೇಕಾದ ಕಾಗದಗಳು ಇಲ್ಲೇ ಇರುತ್ತವೆ, ಅಲ್ಲಿ ಹೋದ ಮೇಲೆ ತರಿಸುವುದು ಕಷ್ಟ ಅನ್ನುವುದು ಅವರ ಮಾತು.

ನನ್ನ ಶಾಲೆಯವರು ಕೊಟ್ಟ ಅನುಭವ ಪತ್ರ ತೋರಿಸಿದೆ. 'ನಮ್ಮ ಸಂಸ್ಥೆಯಲ್ಲಿ ತೃಪ್ತಿಕರವಾಗಿ ಸೇವೆ ಸಲ್ಲಿಸಿರುತ್ತಾರೆ, ಇವರ ನಡತೆ ಉತ್ತಮವಾಗಿರುತ್ತದೆ.' ಇಷ್ಟೇ. ಕಾಕಾ ಓದಿ ವಾಪಸ್ ಕೊಟ್ಟರು. "ಇದರಾಗ ಗಣಿತ ಎಲ್ಲದ? ಯಾ ಕ್ಲಾಸು? ಎಷ್ಟು ವಯಸ್ಸಿನ ಹುಡುಗ್ರು? ಎಂದಿನಿಂದ ಎಂದಿನ ತನಕ?" ಇಂಗ್ಲೆಂಡಿನಲ್ಲಿ ಮೇಷ್ಟ್ರಾಗಲು ಕ್ಯೂಟಿಎಸ್ ಅನ್ನುವ ಅರ್ಹತೆ ಬೇಕು. 2023ರಿಂದ ಭಾರತದಲ್ಲಿ ತರಬೇತಾದವರೂ ಅದಕ್ಕೆ ಅರ್ಜಿ ಹಾಕಬಹುದು. ಆದರೆ 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವವರಾಗಿರಬೇಕು. ಅಂದರೆ ನನ್ನ ಪತ್ರದಲ್ಲಿ ಇಲ್ಲದ್ದೇ ಅವರಿಗೆ ಬೇಕಾದದ್ದು. ಹೆಡ್‌ಮಾಸ್ಟರ್ ಮೊದಲು "ನಮ್ಮ ಫಾರ್ಮ್ಯಾಟ್ ಇದೇ" ಅಂದರು. ಕಾಕಾ ಬರೆದುಕೊಟ್ಟ ಕರಡು ನೋಡಿದ ಮೇಲೆ ಲೆಟರ್‌ಹೆಡ್ಡಿನಲ್ಲಿ ಹಾಗೆಯೇ ಟೈಪ್ ಮಾಡಿಸಿ ಸಹಿ ಹಾಕಿದರು.

ಬಿ.ಎಸ್ಸಿ., ಬಿ.ಇಡಿ. ಎರಡಕ್ಕೂ ಗುಲ್ಬರ್ಗ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ ಅಂತಲೂ ಅವರೇ ಹೇಳಿದ್ದು. ಜ್ಞಾನಗಂಗಾ ಕ್ಯಾಂಪಸ್ಸಿಗೆ ಸಿಟಿ ಬಸ್ಸಿನಲ್ಲಿ ಓಡಾಡಿದ್ದು ನಾನು, ಅದೂ ಮೇ ತಿಂಗಳ ಬಿಸಿಲಲ್ಲಿ. ಲೀಡ್ಸ್‌ನಲ್ಲಿ ಕೂತು ಈ ಕೆಲಸ ಆಗುತ್ತಿರಲಿಲ್ಲ. ಜೊತೆಗೆ ಪಾಸ್‌ಪೋರ್ಟ್ ಕಚೇರಿಯ ಮೂಲಕ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಮಾಡಿಸಿದರು.

ಈಗ ದೂರು. ಅಂಗಡಿಯ ಹುಡುಗರು ಎಲ್ಲರ ಅರ್ಜಿಯನ್ನೂ ಅಂಗಡಿಯದೇ ಇಮೇಲ್, ಅಂಗಡಿಯದೇ ಫೋನ್ ನಂಬರ್ ಹಾಕಿ ತೆರೆಯುತ್ತಾರೆ. ಪಹಣಿಗೆ, ಜಾತಿ-ಆದಾಯಕ್ಕೆ ಅದು ನಡೆಯುತ್ತೆ. ಇಲ್ಲಿ ನಡೆಯಲ್ಲ. ಬ್ರಿಟನ್ ಈಗ ವಾಸದ ಪ್ಲಾಸ್ಟಿಕ್ ಕಾರ್ಡ್ ಕೊಡುವುದನ್ನು ನಿಲ್ಲಿಸಿದೆ, ಎಲ್ಲ ಇ-ವೀಸಾ. ಕೆಲಸಕ್ಕೆ ಸೇರುವಾಗ ಅದರ ಆನ್‌ಲೈನ್ ಖಾತೆಗೆ ಲಾಗಿನ್ ಆಗಿ, ಕೆಲಸ ಕೊಡುವವರು ನಮ್ಮ ವೀಸಾ ಪರೀಕ್ಷಿಸಲು ಬೇಕಾದ ಶೇರ್ ಕೋಡ್ ತೆಗೆದು ಕೊಡಬೇಕು. ಲಾಗಿನ್ ಆಗಲು ಕೋಡ್ ಬರುವುದು ನೀವು ಕೊಟ್ಟ ಇಮೇಲಿಗೋ ಫೋನಿಗೋ. ಅದು ಕಲಬುರಗಿಯ ಅಂಗಡಿಯಲ್ಲಿದ್ದರೆ ಏನು ಗತಿ? ನಾನು ಹಟ ಮಾಡಿ ನನ್ನ ಇಮೇಲ್ ಹಾಕಿಸಿದೆ. ಹುಡುಗನಿಗೆ ಸಿಟ್ಟು ಬಂತು. ಬರಲಿ.

ಎರಡನೆಯದು ಇನ್ನೂ ಕೆಟ್ಟದ್ದು. ಅವರ ಕಂಪ್ಯೂಟರಿನ ಪರದೆ ಮೇಲೆ ಯಾರ್ಯಾರದೋ ಪಾಸ್‌ಪೋರ್ಟ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಹೆಸರು ಸಮೇತ ಬಿದ್ದಿರುತ್ತವೆ. ಪಕ್ಕದಲ್ಲಿ ಕೂತವರಿಗೆಲ್ಲ ಕಾಣುತ್ತವೆ. ಕಾಕಾಗೆ ಹೇಳಿದೆ, "ಅಳಿಸ್ತೀವ್ರಿ" ಅಂದರು. ನನ್ನದನ್ನು ನನ್ನ ಎದುರೇ ಅಳಿಸಿಸಿದೆ, ರೀಸೈಕಲ್ ಬಿನ್ ಖಾಲಿ ಮಾಡಿಸಿದೆ. ನೀವೂ ಪೆನ್ ಡ್ರೈವಿನಲ್ಲಿ ಒಯ್ಯಿರಿ, ವಾಟ್ಸಾಪಿನಲ್ಲಿ ಕಳಿಸಬೇಡಿ. ಫೈಲ್ ಪೂರ್ತಿ ನೋಡಿಕೊಟ್ಟಿದ್ದಕ್ಕೆ 1,500 ತಗೊಂಡರು. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ.

ವೀಸಾ ಬಂತು. ಲೀಡ್ಸ್‌ಗೆ ಹೋಗಿ ಇಳಿದ ಮೇಲೆ ನಿಜವಾಗಿ ಕೈಗೆ ಬಂದ ಕಾಗದಗಳು ಕಾಕಾ ಕೆಲಸಕ್ಕೆ ಬೇಕು ಅಂತ ಮಾಡಿಸಿದವೇ. ಒಂದು ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಕರೆದರು. ಮಕ್ಕಳ ಜೊತೆ ಕೆಲಸ ಅಂದರೆ ಡಿಬಿಎಸ್ ಅನ್ನುವ ಅಲ್ಲಿನ ಅಪರಾಧ ದಾಖಲೆಯ ತಪಾಸಣೆ ಆಗಬೇಕು. ಹೊರದೇಶದಿಂದ ಬಂದವರಿಗೆ ತಮ್ಮ ದೇಶದ ಪೊಲೀಸ್ ಪತ್ರವನ್ನೂ ಕೇಳುತ್ತಾರೆ. ಬ್ಯಾಗಿನಿಂದ ತೆಗೆದು ಕೊಟ್ಟೆ. ನನ್ನ ಜೊತೆ ಸಂದರ್ಶನಕ್ಕೆ ಬಂದಿದ್ದ ಇನ್ನೊಬ್ಬ ಭಾರತೀಯ ಅದಕ್ಕಾಗಿಯೇ ಕಾಯುತ್ತಿದ್ದ. ಕ್ಯೂಟಿಎಸ್ ಅರ್ಜಿ ಈಗ ಹಾಕಿದ್ದೇನೆ. ಇಪ್ಪತ್ತು ಮಕ್ಕಳಿಗೆ ಪಾಠ ಮಾಡುವವರ ಪಕ್ಕ ಕೂತು ಇಬ್ಬರಿಗೆ ಭಾಗಾಕಾರ ಹೇಳಿಕೊಡುವುದು ಮೊದಮೊದಲು ಮುಜುಗರ ಆಯಿತು. ಈಗ ಅವರ ಉಚ್ಚಾರ ನನಗೆ, ನನ್ನದು ಅವರಿಗೆ ಅಭ್ಯಾಸವಾಗಿದೆ. ಭಾರತದ ಲೈಸೆನ್ಸಿನಲ್ಲಿ ಅಲ್ಲಿ 12 ತಿಂಗಳು ಗಾಡಿ ಓಡಿಸಬಹುದು, ಆದ್ದರಿಂದ ಅದನ್ನೂ ಮರೆಯದೆ ಒಯ್ಯಿರಿ. ಹೆಂಡತಿಯ ನೈಟ್ ಡ್ಯೂಟಿ ದಿನಗಳಲ್ಲಿ ಕರೆದು ತರಲು ಬೇಕಾಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಕಂಪ್ಯೂಟರಿನ ವಿಷಯಕ್ಕೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಶಟರ್ ಅರ್ಧ ಇಳಿದಿರುತ್ತದೆ, ಬಡಿಯಬೇಡಿ, ಕಾಕಾ ಮಲಗಿರುತ್ತಾರೆ. ಮದುವೆ ನೋಂದಣಿ ಇನ್ನೂ ಮಾಡಿಸದವರು ಇಬ್ಬರೂ ಊರಲ್ಲಿ ಇರುವಾಗಲೇ ಹೋಗಿ. ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಯನ್ನೂ ಅಲ್ಲೇ ಹಾಕಿ ಕೊಡುತ್ತಾರೆ. ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಲು ಹುಡುಗ ಕೇಳಿದರೆ ಬೇಡ ಅನ್ನಿ.