ಫಿಜಾಕ್‌ನಿಂದ ಕಾಓರ್‌ಗೆ ಮೂರು ಕಾಲುದಾರಿ: ಯಾವುದು ಯಾರಿಗೆ?

ನೈಋತ್ಯ ಫ್ರಾನ್ಸಿನ ಲೊಟ್ ಜಿಲ್ಲೆಯಲ್ಲಿ ನಡೆಯಲು ಹೊರಟವರು ಫಿಜಾಕ್ ಊರಿನಲ್ಲಿ ನಿಂತು ಒಂದು ತೀರ್ಮಾನ ಮಾಡಲೇಬೇಕು. ಫ್ರಾನ್ಸಿನದೇ ಲ ಪ್ಯುಯಿ ಪಟ್ಟಣದಿಂದ ಹೊರಟು ಸ್ಪೇನಿನ ಸಾಂತಿಯಾಗೊ ಕಡೆಗೆ ಸಾಗುವ ಹಳೆಯ ಕ್ರೈಸ್ತ ಯಾತ್ರಾಮಾರ್ಗ ಈ ಊರಿನ ಆಸುಪಾಸಿನಲ್ಲಿ ಮೂರಾಗಿ ಕವಲೊಡೆಯುತ್ತದೆ. ಮೊದಲನೆಯದು ಜಿಆರ್ 65 (ಜಿಆರ್ ಎಂದರೆ ಫ್ರಾನ್ಸಿನ ದೂರದ ಕಾಲುದಾರಿಗಳಿಗೆ ಇಟ್ಟ ಹೆಸರು). ಇದು ಮುಖ್ಯ ದಾರಿ, ಕಜಾರ್ಕ್ ಮತ್ತು ಲಿಮೋನ್ಯ ಊರುಗಳ ಮೇಲೆ, ಒಣ ಸುಣ್ಣಕಲ್ಲಿನ ಪ್ರಸ್ಥಭೂಮಿ ದಾಟಿ ಹೋಗುತ್ತದೆ. ಎರಡನೆಯದು ಜಿಆರ್ 651, ಸೇಲೇ ನದಿಯ ಕಣಿವೆಯದ್ದು. ಮೂರನೆಯದು ಉತ್ತರಕ್ಕೆ ಸುತ್ತು ಹಾಕಿ, ಜಿಆರ್ 6ರಲ್ಲಿ ರೊಕಮದೂರ್ ಕ್ಷೇತ್ರಕ್ಕೆ ಹೋಗಿ, ಅಲ್ಲಿಂದ ಜಿಆರ್ 46 ಹಿಡಿದು ದಕ್ಷಿಣಕ್ಕೆ ಇಳಿಯುತ್ತದೆ. ಮೂರೂ ಕೊನೆಗೆ ಸೇರುವುದು ಕಾಓರ್ ಪಟ್ಟಣದಲ್ಲೇ.

ಬೇರೆ ಬೇರೆ ವರ್ಷಗಳಲ್ಲಿ ಮೂರನ್ನೂ ನಡೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಜೀವಮಾನದಲ್ಲಿ ಒಂದೇ ಸಲ ಹೋಗುವುದಾದರೆ ಸೇಲೇ ಕಣಿವೆ. ಆದರೆ ಎಲ್ಲರಿಗೂ ಅದೇ ಸರಿ ಎನ್ನಲಾರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಈ ಮೂರು ದಾರಿಗಳ ಸ್ವಭಾವ ತಿಳಿಯಬೇಕಾದರೆ ನೀರಿನ ನಡೆ ತಿಳಿಯಬೇಕು. ಈ ಸೀಮೆಯ ಪ್ರಸ್ಥಭೂಮಿಗೆ ಕೋಸ್ ಎನ್ನುತ್ತಾರೆ. ಪೂರ್ತಿ ಸುಣ್ಣಕಲ್ಲು. ಮಳೆ ಬಿದ್ದ ನೀರು ಹಳ್ಳವಾಗಿ ಹರಿಯುವುದಿಲ್ಲ, ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ನೆಲದೊಳಗೆ ಗುಹೆಗಳಲ್ಲಿ ಓಡಾಡಿ, ಎಲ್ಲೋ ಕಣಿವೆಯ ಬುಡದಲ್ಲಿ ಊಟೆಯಾಗಿ ಚಿಮ್ಮುತ್ತದೆ. ಹಾಗಾಗಿ ಮೇಲೆ ನಡೆಯುವವನಿಗೆ ಬಾಯಾರಿಕೆ, ಕೆಳಗೆ ನಡೆಯುವವನಿಗೆ ನೀರಿನ ಸದ್ದು. ಒಂದೇ ಮಳೆಯ ಎರಡು ಮುಖಗಳು ಇವು.

ಜಿಆರ್ 65ರಲ್ಲಿ ಫಿಜಾಕ್ ಬಿಟ್ಟು ಫೈಸೆಲ್ ದಾಟಿದರೆ ಕಾಡು ಶುರು. ಕಾಡೆಂದರೆ ನಮ್ಮ ಪಶ್ಚಿಮಘಟ್ಟದ ಹಾಗೆ ಮುಗಿಲು ಮುಟ್ಟುವ ಮರಗಳಲ್ಲ. ಗಿಡ್ಡ ಓಕ್ ಮರಗಳು, ತೊಗಟೆಯ ತುಂಬ ಬೂದುಬಣ್ಣದ ಕಲ್ಲುಹೂವು, ಕೆಳಗೆ ಜುನಿಪರ್ ಪೊದೆ. ದಾರಿಯ ಎರಡೂ ಕಡೆ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆ ಕಿಲೋಮೀಟರುಗಟ್ಟಲೆ ಜೊತೆಗೆ ಬರುತ್ತದೆ. ಗೋಡೆಯನ್ನು ಸ್ವಲ್ಪ ಹತ್ತಿರ ಹೋಗಿ ನೋಡಿ: ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಮಲಗಿಸಿ, ತುದಿಯ ಸಾಲನ್ನು ಮಾತ್ರ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಹೊಲದಿಂದ ಆರಿಸಿ ತೆಗೆದ ಕಲ್ಲೇ ಬೇಲಿಯಾಗಿದೆ, ಕುರುಬನ ಗುಡಿಸಲೂ ಆಗಿದೆ. ಗ್ರೇಯಾಲು ಬಳಿ ದಾರಿಬದಿಯಲ್ಲೇ ಒಂದು ಡೋಲ್ಮೆನ್ ಇದೆ, ಸಾವಿರಾರು ವರ್ಷ ಹಳೆಯ ಸಮಾಧಿ. 1998ರಲ್ಲಿ ಯುನೆಸ್ಕೊ ಫ್ರಾನ್ಸಿನ ಸಾಂತಿಯಾಗೊ ಮಾರ್ಗಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆರಿಸಿಕೊಂಡ ತುಣುಕುಗಳಲ್ಲಿ ಫೈಸೆಲ್‌ನಿಂದ ಕಜಾರ್ಕ್‌ವರೆಗಿನ ಈ ದಾರಿಯೂ ಒಂದು.

ಈ ದಾರಿಯ ದೊಡ್ಡ ಗುಣ ಸಮತಟ್ಟು. ಕಜಾರ್ಕ್‌ಗೆ ಇಳಿದು ಲೊಟ್ ನದಿ ದಾಟಿ ಮತ್ತೆ ಹತ್ತುವುದೊಂದನ್ನು ಬಿಟ್ಟರೆ ಮಂಡಿಗೆ ಅಷ್ಟೇನೂ ಕೆಲಸವಿಲ್ಲ. ಫಿಜಾಕ್‌ನಿಂದ ಕಾಓರ್‌ವರೆಗೆ ಸುಮಾರು 90 ಕಿಲೋಮೀಟರ್. ಜನ ಸಿಗುತ್ತಾರೆ. ಝೀತ್ ಎಂದು ಕರೆಯುವ ನಡೆಗಾರರ ವಸತಿಗಳು ಸಾಕಷ್ಟಿವೆ, ರಾತ್ರಿ ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಾರೆ, ಮಾತು ಬೆಳೆಯುತ್ತದೆ. ಒಂಟಿಯಾಗಿ ಹೋಗುವವರಿಗೆ, ಮೊದಲ ಸಲ ಹೋಗುವವರಿಗೆ ಇದು ಸಣ್ಣ ಧೈರ್ಯವಲ್ಲ.

ಕೊರತೆ ನೀರಿನದೇ. ಲಿಮೋನ್ಯ ದಾಟಿದ ಮೇಲೆ ವಾರೇರ್, ಬಾಖ್ ಕಡೆಗೆ ಸಾಗುವಾಗ ನೆರಳು ತೆಳ್ಳಗಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಳಿಗಲ್ಲು ಕೆಳಗಿನಿಂದಲೂ ಸುಡುತ್ತದೆ. ಹಳ್ಳಿಯ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಅನುಭವಸ್ಥ ನಡೆಗಾರರೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. ಕುಡಿಯಬಾರದ ನೀರಾದರೆ ಫಲಕ ಹಾಕಿರುತ್ತಾರೆ, ಓದಿ ತುಂಬಿಸಿ. ಈ ಹಳ್ಳಿಗಳಲ್ಲಿ ಚಿಟ್ಟೆಯ ರೆಕ್ಕೆಯ ಆಕಾರದಲ್ಲಿ ಓರೆಯಾಗಿ ಕಲ್ಲುಚಪ್ಪಡಿ ಜೋಡಿಸಿದ ಹಳೆಯ ಬಟ್ಟೆ ಒಗೆಯುವ ಕಟ್ಟೆಗಳನ್ನು ನೋಡಿ. ನೀರು ಅಪರೂಪವಾದ ನೆಲದಲ್ಲಿ ಇದ್ದ ಒಂದೊಂದು ಹೊಂಡವನ್ನೂ ಎಷ್ಟು ಜತನದಿಂದ ಕಟ್ಟಿಕೊಂಡಿದ್ದರು ಎಂಬುದು ಅಲ್ಲಿ ಕಾಣುತ್ತದೆ.

ಇನ್ನು ಸೇಲೇ. ಬೇದುಯೇರ್ ಹತ್ತಿರ ಜಿಆರ್ 651 ಬಲಕ್ಕೆ ಕವಲಾಗುತ್ತದೆ. ಕಣಿವೆಯ ದಾರಿ ಎಂದರೆ ನದೀದಂಡೆಯಲ್ಲಿ ಆರಾಮಾಗಿ ನಡೆದುಕೊಂಡು ಹೋಗುವುದು ಎಂದು ಬಹಳ ಜನ ಭಾವಿಸುತ್ತಾರೆ. ಹಾಗಿಲ್ಲ. ಕಣಿವೆ ಕಿರಿದು, ದಂಡೆಯಲ್ಲಿರುವ ಜಾಗವನ್ನು ರಸ್ತೆ ಮತ್ತು ಹೊಲ ಹಿಡಿದುಕೊಂಡಿವೆ. ಕಾಲುದಾರಿ ಒಂದು ಹಳ್ಳಿಯಿಂದ ಬಂಡೆಯ ನೆತ್ತಿಗೆ ಹತ್ತಿ, ಮೇಲಿನ ಓಕ್ ಕಾಡಿನಲ್ಲಿ ಸಾಗಿ, ಮುಂದಿನ ಹಳ್ಳಿಗೆ ಕಡಿದಾಗಿ ಇಳಿಯುತ್ತದೆ. ನೂರು, ನೂರೈವತ್ತು ಮೀಟರಿನ ಏರು ದೊಡ್ಡದಲ್ಲ, ಆದರೆ ಅದು ದಿನದಲ್ಲಿ ಮತ್ತೆ ಮತ್ತೆ ಬರುತ್ತದೆ. ಮಳೆ ಬಂದಾಗ ಈ ಸುಣ್ಣಕಲ್ಲು ಎಣ್ಣೆ ಹಚ್ಚಿದಷ್ಟು ಜಾರುತ್ತದೆ. ಊರುಗೋಲು ಎರಡಿರಲಿ. ನಕಾಶೆಯಲ್ಲಿ ನದಿ ಕಂಡು ಸುಲಭವೆಂದುಕೊಂಡವರಿಗೂ, ಪ್ರಸ್ಥಭೂಮಿ ಎಂಬ ಹೆಸರಿಗೆ ಹೆದರಿದವರಿಗೂ ಒಂದೇ ಮಾತು ಹೇಳುತ್ತೇನೆ: ಇಲ್ಲಿ ಕಷ್ಟದ್ದು ಕಣಿವೆ, ಸುಲಭದ್ದು ಮೇಲಿನ ಬಯಲು.

ಆ ಕಷ್ಟಕ್ಕೆ ಸಿಗುವ ಪ್ರತಿಫಲ ಮಾತ್ರ ಬೇರೆಲ್ಲೂ ಇಲ್ಲ. ಎಸ್ಪಾನ್ಯಾಕ್ ಹಳ್ಳಿಗೆ ಇಳಿದರೆ ಹಳೆಯ ಸನ್ಯಾಸಿನಿಯರ ಮಠದ ಆವರಣದಲ್ಲೇ ಝೀತ್ ಇದೆ. ಅದರ ಇಗರ್ಜಿಯ ಗಂಟೆಗೋಪುರ ಕಲ್ಲಿನದಲ್ಲ, ಮರದ ತೊಲೆಗಳ ಚೌಕಟ್ಟಿಗೆ ಇಟ್ಟಿಗೆ ತುಂಬಿದ್ದು. ಮುಂದೆ ಮಾರ್ಸಿಯಾಕ್‌ನಲ್ಲಿ ಬೆನೆಡಿಕ್ಟೀನ್ ಮಠದ ಅವಶೇಷ: ಅರ್ಧಕ್ಕೆ ಸೂರಿಲ್ಲ, ಕಮಾನುಗಳ ನಡುವೆ ಹುಲ್ಲು, ಉಳಿದರ್ಧ ಇವತ್ತಿಗೂ ಊರಿನ ಇಗರ್ಜಿ. ಒಂದು ಕಾಲಕ್ಕೆ ರೊಕಮದೂರ್ ಮೇಲಿನ ಹಕ್ಕಿಗಾಗಿ ಟ್ಯೂಲ್ ಮಠದ ಜೊತೆ ಬಡಿದಾಡಿ ಸೋತದ್ದು ಈ ಮಾರ್ಸಿಯಾಕ್ ಮಠವೇ. ಇಂದು ರೊಕಮದೂರ್‌ಗೆ ಜನಸಾಗರ, ಇಲ್ಲಿ ಸಂಜೆ ಹೊತ್ತು ನಾಲ್ಕು ಜನ. ನಡೆಯುವವನ ದೃಷ್ಟಿಯಿಂದ ಗೆದ್ದದ್ದು ಯಾರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕಾಬ್ರೆರೆ ಊರಿನ ಮೇಲ್ಗಡೆ ಆದಿಮಾನವರ ಚಿತ್ರಗಳಿರುವ ಪೆಶ್ ಮೆರ್ಲ್ ಗುಹೆಯಿದೆ. 1922ರಲ್ಲಿ ಊರಿನ ಹದಿಹರೆಯದ ಮಕ್ಕಳು ಒಳಗೆ ತೆವಳಿ ಹೋಗಿ ಕಂಡುಹಿಡಿದದ್ದು. ಚುಕ್ಕೆಗಳಿರುವ ಎರಡು ಕುದುರೆಗಳ ಚಿತ್ರಕ್ಕೆ ಸುಮಾರು 29,000 ವರ್ಷ. ಬಂಡೆಯ ಒಂದು ಅಂಚು ಸಹಜವಾಗಿಯೇ ಕುದುರೆತಲೆಯ ಆಕಾರದಲ್ಲಿದೆ, ಬರೆದವರು ಅದನ್ನು ಗುರುತಿಸಿ ಅಲ್ಲೇ ಕುದುರೆ ಬರೆದಿದ್ದಾರೆ. ಇಂಥದ್ದೇ ಚಿತ್ರಗಳಿಗೆ ಹೆಸರಾದ ಲಾಸ್ಕೋ ಗುಹೆ 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿತು, ಅಲ್ಲಿ ಈಗ ನೋಡುವುದು ಪ್ರತಿಕೃತಿ. ಪೆಶ್ ಮೆರ್ಲ್‌ನಲ್ಲಿ ಮೂಲ ಚಿತ್ರದ ಮುಂದೆಯೇ ನಿಲ್ಲಬಹುದು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಟಿಕೆಟ್ ಮುಂಗಡ ತೆಗೆದಿಡಿ. ಈ ಒಂದು ಕಾರಣಕ್ಕಾದರೂ ಸೇಲೇ ದಾರಿ ಹಿಡಿಯಬೇಕು ಎನ್ನುತ್ತೇನೆ.

ಸೇಲೇ ಹೋಗಿ ಲೊಟ್ ಸೇರುವಲ್ಲಿ ಬೂಝಿಯೆಸ್. ಅಲ್ಲಿಂದ ಸಾಂ-ಸಿರ್-ಲಪೊಪಿ ಕಡೆಗೆ ಹೋಗುವ ದಾರಿಯ ಒಂದು ಭಾಗವನ್ನು 19ನೇ ಶತಮಾನದಲ್ಲಿ ನೆಟ್ಟಗಿನ ಬಂಡೆಯಲ್ಲೇ ಕೊರೆದಿದ್ದಾರೆ. ತಲೆ ಮೇಲೆ ಬಂಡೆಯ ಸೂರು, ಪಕ್ಕದಲ್ಲೇ ನದಿ. ಸರಕಿನ ದೋಣಿಗಳನ್ನು ದಂಡೆಯಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದ ದಾರಿ ಇದು. ಕಾಓರ್‌ನ ಕಪ್ಪು ವೈನ್ ಬೋರ್ಡೋ ಬಂದರಿಗೆ ಇಳಿಯುತ್ತಿದ್ದದ್ದೂ ಇದೇ ನದಿಯ ಮೇಲೆ. ಸಾಂ-ಸಿರ್ ಸುಂದರ ಊರು, ಆದರೆ ಬೇಸಿಗೆಯ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ.

ಸೇಲೇ ಕಣಿವೆಯ ತೊಂದರೆ ಊಟ, ವಸತಿ. ಹಳ್ಳಿಗಳು ತೀರಾ ಚಿಕ್ಕವು, ಅಂಗಡಿ ಕಡಿಮೆ, ಋತು ಮುಗಿದರೆ ಇದ್ದವೂ ಮುಚ್ಚುತ್ತವೆ. ಕಜಾರ್ಕ್, ಲಿಮೋನ್ಯದಷ್ಟು ಅನುಕೂಲ ಇಲ್ಲಿ ನಿರೀಕ್ಷಿಸಬೇಡಿ. ಸಸ್ಯಾಹಾರಿಗಳು ಮೂರೂ ದಾರಿಯಲ್ಲಿ ಹಿಂದಿನ ದಿನವೇ ಫೋನ್ ಮಾಡಿ ಹೇಳಬೇಕು, ಏಕೆಂದರೆ ಇದು ಬಾತುಕೋಳಿಯ ಸೀಮೆ. ಮೊದಲೇ ಹೇಳಿದರೆ ಲ ಪ್ಯುಯಿಯ ಹಸಿರು ಲೆಂಟಿಲ್, ವಾಲ್‌ನಟ್ ಹಾಕಿದ ಸಲಾಡ್, ಬ್ರೆಡ್ಡಿನ ಮೇಲೆ ಬಿಸಿ ಮಾಡಿದ ರೊಕಮದೂರ್ ಚೀಸ್ ಇಟ್ಟು ಪ್ರೀತಿಯಿಂದ ಬಡಿಸುತ್ತಾರೆ. ಹೇಳದೆ ಹೋದರೆ ಬ್ರೆಡ್ಡೇ ಗತಿ.

ರೊಕಮದೂರ್ ದಾರಿಯ ಬಗ್ಗೆ ನನಗೆ ಅರ್ಧ ಮನಸ್ಸು. ಒಂದೆರಡು ದಿನ ಹೆಚ್ಚು ಬೇಕು, ನಡುವೆ ಡಾಂಬರು ರಸ್ತೆಯ ತುಣುಕುಗಳಿವೆ, ರೊಕಮದೂರ್‌ನಿಂದ ಲಬಾಸ್ತಿದ್-ಮುರಾ ದಾಟಿ ದಕ್ಷಿಣಕ್ಕೆ ಬರುವಾಗ ನೋಟ ಒಂದೇ ಥರ. ಆದರೆ ಗ್ರಾಮಾ ಊರಿನಿಂದ ರೊಕಮದೂರ್‌ವರೆಗೆ ಅಲ್ಝು ಕಣಿವೆಯೊಳಗೆ ಹೋಗುವ ದಾರಿಯಿದೆಯಲ್ಲ, ಅಷ್ಟು ದಟ್ಟ ಕಾಡು ಉಳಿದೆರಡು ದಾರಿಗಳಲ್ಲೂ ಇಲ್ಲ. ತೊರೆ ಕೆಲವೆಡೆ ಕಾಣಿಸುತ್ತದೆ, ಕೆಲವೆಡೆ ನೆಲದೊಳಗೆ ಇಳಿದುಬಿಡುತ್ತದೆ. ಪಾಳುಬಿದ್ದ ನೀರುಗಿರಣಿಗಳ ಗೋಡೆಗಳ ಮೇಲೆ ಪಾಚಿ ಬೆರಳುದ್ದ ಬೆಳೆದಿದೆ. ಕೊನೆಗೆ ತಿರುವಿನಲ್ಲಿ ಬಂಡೆಗೆ ಅಂಟಿಕೊಂಡ ರೊಕಮದೂರ್ ಕೆಳಗಿನಿಂದ ಮೇಲಕ್ಕೆ ಪೂರ್ತಿ ಕಾಣುತ್ತದೆ. ಕಾರಿನಲ್ಲಿ ಬಂದವರಿಗೆ ಈ ನೋಟ ದಕ್ಕುವುದಿಲ್ಲ. ಕಪ್ಪು ಮಾತೆಯ, ಅಂದರೆ ಕಪ್ಪು ಬಣ್ಣದ ಮೇರಿ ಮಾತೆಯ ಮೂರ್ತಿಯಿರುವ ಗುಡಿಗೆ 216 ಮೆಟ್ಟಿಲು, ಹಿಂದೆ ಯಾತ್ರಿಕರು ಮೊಣಕಾಲಲ್ಲೇ ಹತ್ತುತ್ತಿದ್ದರು.

ಮೂರಕ್ಕೂ ಸಲ್ಲುವ ಒಂದೆರಡು ಮಾತು. ಬಿಳಿ-ಕೆಂಪು ಪಟ್ಟೆ ನೋಡಿಕೊಂಡು ನಡೆದರೆ ದಾರಿ ತಪ್ಪುವುದಿಲ್ಲ, ಅದೇ ಬಣ್ಣದ ಕತ್ತರಿ ಗುರುತು ಕಂಡರೆ ಅತ್ತ ಹೋಗಬಾರದೆಂದು ಅರ್ಥ. ಹುಲ್ಲಿನಲ್ಲಿ ಉಣ್ಣೆಗಳಿವೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದರ ಗಂಭೀರತೆ ಹೇಳಬೇಕಿಲ್ಲ. ಇಲ್ಲಿನ ಉಣ್ಣೆ ಹರಡುವುದು ಲೈಮ್ ಕಾಯಿಲೆ, ಪ್ರತಿ ಸಂಜೆ ಮಂಡಿಯ ಹಿಂಭಾಗ, ಕಂಕುಳು ನೋಡಿಕೊಳ್ಳಿ. ಶರತ್ಕಾಲದಲ್ಲಿ ಬೇಟೆಯ ಋತು, ದೂರಕ್ಕೆ ಎದ್ದು ಕಾಣುವ ಬಣ್ಣದ ಬಟ್ಟೆ ತೊಡಿ. ಮೇ, ಜೂನ್, ಸೆಪ್ಟೆಂಬರ್ ಉತ್ತಮ.

ಮಂಡಿನೋವಿನವರು, ಜೊತೆ ಬೇಕೆನ್ನುವವರು ಜಿಆರ್ 65ರಲ್ಲೇ ಹೋಗಿ, ನಷ್ಟವೇನಿಲ್ಲ. ಉಳಿದವರು ಬೇದುಯೇರ್‌ನಲ್ಲಿ ಬಲಕ್ಕೆ ತಿರುಗಿ, ಸೇಲೇ ಹಿಡಿದು ಬೂಝಿಯೆಸ್‌ವರೆಗೆ ನಡೆದು, ಅಲ್ಲಿಂದ ಜಿಆರ್ 36ರಲ್ಲಿ ಕಾಓರ್ ಸೇರಿ. ರೊಕಮದೂರ್‌ಗಾಗಿ ಸೇಲೇ ಬಿಡಬೇಕಿಲ್ಲ: ಫಿಜಾಕ್‌ನಿಂದ ಬ್ರೀವ್ ಕಡೆಯ ರೈಲು ಗ್ರಾಮಾದಲ್ಲಿ ನಿಲ್ಲುತ್ತದೆ. ಹೊರಡುವ ಮುನ್ನ ಒಂದು ದಿನ ಮೀಸಲಿಟ್ಟು, ಬೆಳಿಗ್ಗೆ ಗ್ರಾಮಾದಲ್ಲಿ ಇಳಿದು ಅಲ್ಝು ಕಣಿವೆಯಲ್ಲಿ ನಡೆದು ರೊಕಮದೂರ್ ನೋಡಿ. ಅಲ್ಲಿನ ನಿಲ್ದಾಣ ಊರಿನಿಂದ ನಾಲ್ಕೈದು ಕಿಲೋಮೀಟರ್ ದೂರ, ರೈಲುಗಳು ಕಡಿಮೆ, ಆದ್ದರಿಂದ ವಾಪಸಾಗುವ ರೈಲಿನ ವೇಳೆ ಮೊದಲೇ ನೋಡಿಟ್ಟುಕೊಳ್ಳಿ.